ಹೊಸ್ತಿಲಲ್ಲಿ ನಿಂತ ಅತಿಥಿ

ನಿಮ್ಮ ಮನೆಯ ಕಾಲೇಜು ಓದುವ ಮಗಳು ರಾತ್ರಿ ಹನ್ನೊಂದಾದರೂ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಹಿಡಿದು ಕೂತಿದ್ದಾಳೆ ಎಂದುಕೊಳ್ಳಿ. ಏನೆಂದು ನೋಡಿದರೆ ರಕ್ತ ಹೀರುವ ಪಿಶಾಚಿಯ ಪ್ರೇಮಕಥೆ! "ಜಪಸರ ಹಿಡಿಯಬೇಕಾದ ಕೈಯಲ್ಲಿ ಇದೇನು ದೆವ್ವದ ಪುಸ್ತಕ?" ಎಂದು ಕಿತ್ತುಕೊಳ್ಳುವ ಮನಸ್ಸಾಗುವುದು ಸಹಜ. ಕಿತ್ತುಕೊಳ್ಳಬೇಡಿ. ಸಾಧ್ಯವಾದರೆ ನೀವೂ ಓದಿ. ಯಾಕೆಂದರೆ, ಮದುವೆಯ ಸಿದ್ಧತೆಗೆಂದು ನಾವು ಯುವಜನರಿಗೆ ಹೇಳಬೇಕಾಗಿದ್ದೂ ಹೇಳದೆ ಬಿಟ್ಟ ಕೆಲವು ಮಾತುಗಳನ್ನು ಈ ಜಾತಿಯ ಕಥೆಗಳು ಇನ್ನೂರು ವರ್ಷಗಳಿಂದ ಹೇಳುತ್ತಾ ಬಂದಿವೆ.

ವ್ಯಾಂಪೈರ್ ಎಂದರೆ ನಮ್ಮ ಬೇತಾಳನಲ್ಲ. 1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲ ಸಾಹಸಿ ವಿಕ್ರಮ-ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ಅದೇ ಹೆಸರು ಕೊಟ್ಟ, ನಿಜ. ಆದರೆ ಬೇತಾಳ ರಾಜನ ಹೆಗಲೇರಿ ಒಗಟು ಕೇಳುತ್ತಾನೆ, ಅಷ್ಟೇ. ಯುರೋಪಿನ ಈ ಪಿಶಾಚಿ ಮನೆಯೊಳಗೆ ಅತಿಥಿಯಾಗಿ ಬರುತ್ತದೆ, ಪ್ರೀತಿಯ ಮಾತಾಡುತ್ತದೆ, ತನ್ನನ್ನು ನಂಬಿದವರ ರಕ್ತದಿಂದಲೇ ಬದುಕುತ್ತದೆ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯಲ್ಲಿ ಇದಕ್ಕೊಂದು ನಿಯಮವಿದೆ. ಮನೆಯವರಲ್ಲಿ ಯಾರಾದರೊಬ್ಬರು ಕರೆಯದೆ ಈ ಪಿಶಾಚಿ ಮೊದಲ ಸಲ ಒಳಗೆ ಬರುವಂತಿಲ್ಲ. ಒಮ್ಮೆ ಕರೆದರೆ ಆಮೇಲೆ ತನಗೆ ಬೇಕೆನಿಸಿದಾಗ ಬಂದು ಹೋಗಬಹುದು. ಈ ನಿಯಮವನ್ನು ನೆನಪಿಡಿ.

ಡ್ರಾಕುಲಾನಿಗಿಂತ ಹಿರಿಯಳೊಬ್ಬಳಿದ್ದಾಳೆ. ಡಬ್ಲಿನ್ನಿನ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗ ಶೆರಿಡನ್ ಲೆ ಫ್ಯಾನು 1871-72ರಲ್ಲಿ ಬರೆದ 'ಕಾರ್ಮಿಲ್ಲಾ' ಎಂಬ ಕಿರು ಕಾದಂಬರಿಯ ನಾಯಕಿ ಅವಳು. ನನ್ನ ಮಟ್ಟಿಗೆ ಡ್ರಾಕುಲಾನಿಗಿಂತ ಇವಳ ಕಥೆಯೇ ಹೆಚ್ಚು ಭಯ ಹುಟ್ಟಿಸುತ್ತದೆ. ಆಸ್ಟ್ರಿಯಾ ದೇಶದ ಸ್ಟಿರಿಯಾ ಪ್ರಾಂತದಲ್ಲಿ, ಕಾಡಿನ ನಡುವಿನ ಒಂಟಿ ಕೋಟೆಮನೆಯಲ್ಲಿ ಲಾರಾ ಎಂಬ ಹತ್ತೊಂಬತ್ತರ ಹುಡುಗಿ ತಂದೆಯೊಡನೆ ಇದ್ದಾಳೆ. ತಾಯಿ ಇಲ್ಲ. ಓರಗೆಯ ಗೆಳತಿಯರು ಬರುವುದು ಅಪರೂಪ. ಒಂದು ಸಂಜೆ ಮನೆಯ ಮುಂದೆಯೇ ಕುದುರೆ ಗಾಡಿಯೊಂದು ಉರುಳುತ್ತದೆ. ಗಾಡಿಯಲ್ಲಿದ್ದ ಘನವಂತ ಹೆಂಗಸು, ತನಗೆ ತುರ್ತು ಪ್ರಯಾಣವಿದೆ ಎಂದು ಹೇಳಿ, ಅಸ್ವಸ್ಥಳಾದ ಮಗಳನ್ನು ಮೂರು ತಿಂಗಳ ಮಟ್ಟಿಗೆ ಅಲ್ಲೇ ಬಿಟ್ಟು ಹೋಗುತ್ತಾಳೆ. ಕರುಣೆಯಿಂದ ಒಳಗೆ ಕರೆದವನು ಲಾರಾಳ ತಂದೆ. ಕೆಟ್ಟ ಮನೆತನವಲ್ಲ, ಒಳ್ಳೆಯ ಮನೆತನವೇ ಬಾಗಿಲು ತೆರೆದದ್ದು.

ಕಾರ್ಮಿಲ್ಲಾ ಸುಂದರಿ, ಮೃದುಭಾಷಿಣಿ. ಲಾರಾಳನ್ನು ಪ್ರೇಮಿಯೊಬ್ಬ ಹಂಬಲಿಸುವಂತೆ ಹಂಬಲಿಸುತ್ತಾಳೆ, ನೀನು ನನ್ನವಳೇ ಎಂದು ಮತ್ತೆ ಮತ್ತೆ ಹೇಳುತ್ತಾಳೆ. ಲಾರಾಳ ಬಗ್ಗೆ ಎಲ್ಲವೂ ಅವಳಿಗೆ ಬೇಕು. ಆದರೆ ತನ್ನ ಬಗ್ಗೆ ಹೇಳಿದ್ದು ಮೂರೇ ಮಾತು: ಹೆಸರು ಕಾರ್ಮಿಲ್ಲಾ, ಮನೆತನ ಹಳೆಯದು, ಊರು ಪಡುವಣದಲ್ಲಿದೆ. ಹೆಚ್ಚು ಕೇಳಿದರೆ ಮುನಿಸು, ಕಣ್ಣೀರು. ಕೇಳಿದವಳಿಗೇ ತಾನು ತಪ್ಪು ಮಾಡಿದೆನೇನೋ ಎನಿಸುತ್ತದೆ. ಲಾರಾಳಿಗೆ ಅವಳ ಮೇಲೆ ಸೆಳೆತವೂ ಇದೆ, ಜೊತೆಗೆ ಒಂದು ಹೇಸಿಗೆಯೂ ಇದೆ. ಎರಡೂ ಒಂದೇ ಗಳಿಗೆಯಲ್ಲಿ! ಇದನ್ನು ಲೆ ಫ್ಯಾನು ಬಹಳ ಸೂಕ್ಷ್ಮವಾಗಿ ಕಂಡಿದ್ದಾನೆ. "ಅವನು ಅಷ್ಟು ಕೆಟ್ಟವನಾಗಿದ್ದರೆ ಇವಳಿಗೆ ಮೊದಲೇ ಗೊತ್ತಾಗಬೇಕಿತ್ತಲ್ಲ?" ಎಂದು ನಾವು ಕೇಳುತ್ತೇವಲ್ಲವೇ? ಗೊತ್ತಾಗಿರುತ್ತದೆ. ಆದರೆ ಗೊತ್ತಾದದ್ದರ ಪಕ್ಕದಲ್ಲೇ ಪ್ರೀತಿಯೂ ಕುಳಿತಿರುತ್ತದೆ.

ಲಾರಾ ದಿನೇ ದಿನೇ ಸೊರಗುತ್ತಾಳೆ. ಆದರೂ ತನಗೆ ಕಾಯಿಲೆ ಎಂದು ಒಪ್ಪುವುದಿಲ್ಲ. ತಂದೆಗೆ ಹೇಳಲು, ವೈದ್ಯರನ್ನು ಕರೆಸಲು ಅವಳಿಗೇ ಮನಸ್ಸಿಲ್ಲ. ತಂದೆತಾಯಿಗಳು ಈ ಪುಟವನ್ನು ಎರಡು ಸಲ ಓದಬೇಕು. ಇಂಥ ಹಿಡಿತ ಗಂಡಹೆಂಡಿರ ನಡುವೆ ಮಾತ್ರ ಇರುತ್ತದೆಂದು ತಿಳಿಯಬೇಡಿ. ಹಾಸ್ಟೆಲಿನ ಗೆಳೆತನದಲ್ಲೂ ಇರಬಹುದು.

ಈಗ ಡ್ರಾಕುಲಾನ ಕೋಟೆಗೆ ಹೋಗೋಣ. ಇಲ್ಲಿ ಸಿಕ್ಕಿಬಿದ್ದವನು ಹೆಣ್ಣಲ್ಲ, ಜೊನಾಥನ್ ಹಾರ್ಕರ್ ಎಂಬ ತರುಣ ವಕೀಲ. ಆಸ್ತಿ ವ್ಯವಹಾರಕ್ಕೆಂದು ಬಂದವನನ್ನು ಕೌಂಟ್ ಬಾಗಿಲಲ್ಲೇ ಆದರದಿಂದ ಬರಮಾಡಿಕೊಳ್ಳುತ್ತಾನೆ, ಆದರೆ ಕೈ ಹಿಡಿದು ಎಳೆದುಕೊಳ್ಳುವುದಿಲ್ಲ. ಹೊಸ್ತಿಲನ್ನು ಹಾರ್ಕರ್ ತಾನಾಗಿಯೇ ದಾಟಬೇಕು. ಊಟ ಬಡಿಸುವವನೂ ಹಾಸಿಗೆ ಹಾಸುವವನೂ ಕೌಂಟನೇ. ಎಂಥ ಉಪಚಾರ! ಆಮೇಲೆ ನೋಡಿ. ಗಡ್ಡ ಹೆರೆಯುವ ಕನ್ನಡಿ ಕಿಟಕಿಯಾಚೆ ಹೋಗುತ್ತದೆ. ಬಾಗಿಲುಗಳಿಗೆ ಬೀಗ. ಇನ್ನೊಂದು ತಿಂಗಳು ಇರುತ್ತೇನೆಂದು ಊರಿಗೆ ಬರೆಯಲು ಹೇಳಿಕೆ. ಮುಂದಿನ ತಾರೀಖುಗಳನ್ನು ಹಾಕಿ ಮೂರು ಪತ್ರ ಬರೆದುಕೊಡು ಎಂಬ ಆಜ್ಞೆ. ಮದುವೆಯಾಗಬೇಕಾದ ಹುಡುಗಿ ಮೀನಾಳಿಗೆ ಗುಟ್ಟಾಗಿ ಬರೆದ ಕಾಗದ ಕಣ್ಣೆದುರೇ ದೀಪಕ್ಕೆ ಆಹುತಿ. ಕೊನೆಗೆ ಪ್ರಯಾಣದ ಕಾಗದಪತ್ರ, ಕೋಟು ಎಲ್ಲವೂ ಮಾಯ. ಒಂದೊಂದೇ ಆದದ್ದರಿಂದ, ಇದು ಸೆರೆಮನೆ ಎಂದು ಅವನಿಗೆ ಪೂರ್ತಿ ಮನವರಿಕೆಯಾಗುವಷ್ಟರಲ್ಲಿ ದಾರಿಗಳೆಲ್ಲ ಮುಚ್ಚಿರುತ್ತವೆ. ಮೊಬೈಲಿನ ಪಾಸ್‌ವರ್ಡ್ ಕೇಳುವುದು, ಅಕ್ಕನಿಗೆ ಫೋನ್ ಮಾಡಿದ್ದೇಕೆ ಎಂಬ ಪ್ರಶ್ನೆ, ಸಂಬಳದ ಬ್ಯಾಂಕ್ ಕಾರ್ಡನ್ನು ತಾನೇ ಇಟ್ಟುಕೊಳ್ಳುವುದು... ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇಡೀ ಪುಸ್ತಕದಲ್ಲಿ ನನಗೆ ಅತಿ ಕ್ರೂರವಾಗಿ ಕಾಣುವುದು ಇನ್ನೊಂದು ಪ್ರಸಂಗ. ಹೋಗುತ್ತೇನೆ ಎಂದು ಹಾರ್ಕರ್ ಹಟ ಹಿಡಿದಾಗ ಕೌಂಟ್ ನಸುನಗುತ್ತಾ ಹೆಬ್ಬಾಗಿಲನ್ನೇ ತೆರೆದುಬಿಡುತ್ತಾನೆ. ಹೊರಗೆ ತೋಳಗಳ ಹಿಂಡು. ಬಾಗಿಲು ಮುಚ್ಚಿ, ಬೆಳಗಾಗುವವರೆಗೆ ಇರುತ್ತೇನೆ ಎಂದು ಕೂಗಿದವನು ಹಾರ್ಕರನೇ. ಹೊರಗಿನ ತೋಳಗಳು ನಮ್ಮ ಊರುಗಳಲ್ಲಿಯೂ ಇವೆ: ಜನ ಏನನ್ನುತ್ತಾರೋ ಎಂಬ ಅಂಜಿಕೆ, ತವರಿನಲ್ಲಿ ಮದುವೆಯಾಗದ ತಂಗಿ, ಕೈಯಲ್ಲಿ ಕಾಸಿಲ್ಲದಿರುವುದು. "ಅವಳನ್ನೇನು ಕಟ್ಟಿಹಾಕಿದ್ದಾರೆಯೇ? ಬಾಗಿಲು ತೆರೆದೇ ಇದೆ" ಎನ್ನುವ ಮೊದಲು ಹೊರಗೆ ಏನಿದೆ ಎಂದು ನೋಡಬೇಕು.

ಹಾರ್ಕರ್ ಗೋಡೆ ಹಿಡಿದು ಇಳಿದು ತಪ್ಪಿಸಿಕೊಳ್ಳುತ್ತಾನೆ. ಅವನು ಸೇರುವುದು ಬುಡಾಪೆಸ್ಟಿನ ಆಸ್ಪತ್ರೆಯೊಂದನ್ನು. ಅಲ್ಲಿ ಆರೈಕೆ ಮಾಡಿ ಮೀನಾಳಿಗೆ ಪತ್ರ ಬರೆಯುವವರು ಸಿಸ್ಟರ್ ಅಗಾಥಾ. ಜ್ವರದಲ್ಲಿ ಅವನು ಏನೇನು ಬಡಬಡಿಸಿದನೆಂದು ಕೇಳಿದರೆ ಆ ಕನ್ಯಾಸ್ತ್ರೀ ಬಾಯಿ ಬಿಡುವುದಿಲ್ಲ. ಸ್ಟೋಕರ್ ಡಬ್ಲಿನ್ನಿನ ಪ್ರಾಟೆಸ್ಟಂಟ್ ಮನೆತನದವನು. ಅವನ ಹಾರ್ಕರನೂ ಅಷ್ಟೇ. ದಾರಿಯಲ್ಲಿ ಹೋಟೆಲಿನ ಒಡತಿ ತನ್ನ ಕೊರಳಿನ ಶಿಲುಬೆಯ ಜಪಸರವನ್ನು ಅವನಿಗೆ ತೊಡಿಸಿದಾಗ, ಇದು ವಿಗ್ರಹಾರಾಧನೆಯಲ್ಲವೇ ಎಂದು ಮುಜುಗರಪಡುತ್ತಾನೆ. ಆಮೇಲೆ ಅದೇ ಅವನಿಗೆ ಧೈರ್ಯ ಕೊಡುತ್ತದೆ. ಆದರೆ ಒಂದು ಕಡೆ ಸ್ಟೋಕರ್ ಎಡವಿದ್ದಾನೆ. ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಪರಮಪ್ರಸಾದವನ್ನು ಪುಡಿಮಾಡಿ ಸಮಾಧಿಯ ಸಂದು ಮುಚ್ಚಲು ಬಳಸಿ, ಇದಕ್ಕೆ ತನಗೆ 'ಇಂಡಲ್ಜೆನ್ಸ್' ಇದೆ ಎನ್ನುತ್ತಾನೆ. ಹಾಗೆಂದರೆ ಕ್ಷಮಿಸಲಾದ ಪಾಪದ ಉಳಿದ ದಂಡನೆಯಿಂದ ಬಿಡುಗಡೆ ಎಂದೇ ಹೊರತು, ಪರಮಪ್ರಸಾದವನ್ನು ಹೀಗೆ ಬಳಸಲು ಪರವಾನಗಿ ಅಲ್ಲವೆಂದು ಧರ್ಮೋಪದೇಶ ಕಲಿತ ಮಕ್ಕಳಿಗೂ ಗೊತ್ತು. ಇರಲಿ.

ಮೀನಾಳ ಪ್ರಸಂಗ ನಮ್ಮ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ಎಲ್ಲರ ದಿನಚರಿಗಳನ್ನು ಟೈಪ್ ಮಾಡಿ, ಜೋಡಿಸಿ, ಶತ್ರುವಿನ ಜಾಡು ಕಾಣುವಂತೆ ಮಾಡಿದವಳು ಅವಳು. ಆದರೂ ಗಂಡಸರೆಲ್ಲ ಸೇರಿ, ಹೆಂಗಸಿನ ಮನಸ್ಸಿಗೆ ಇದೆಲ್ಲ ಬೇಡ, ಇನ್ನು ಮುಂದೆ ಏನೂ ಹೇಳುವುದು ಬೇಡ ಎಂದು ತೀರ್ಮಾನಿಸುತ್ತಾರೆ. ಪ್ರೀತಿಯಿಂದಲೇ ಮಾಡಿದ ತೀರ್ಮಾನ. ಆ ದಿನಗಳಲ್ಲೇ ಡ್ರಾಕುಲಾ ಅವಳ ಬಳಿ ಬರುತ್ತಾನೆ. ಅವಳು ಬಿಳಿಚಿಕೊಂಡಿದ್ದನ್ನು ಕಂಡವರು ಆಯಾಸವಿರಬೇಕು ಎಂದುಕೊಳ್ಳುತ್ತಾರೆ. ಅವಳೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇದಕ್ಕೂ ಮೊದಲು, 1819ರಲ್ಲಿ ಪ್ರಕಟವಾದ ಜಾನ್ ಪೊಲಿಡೋರಿಯ 'ದಿ ವ್ಯಾಂಪೈರ್' ಕಥೆಯಲ್ಲೂ ಹೀಗೆಯೇ. ಒಂದು ವರ್ಷ ಒಂದು ದಿನ ಗುಟ್ಟು ಬಿಡುವುದಿಲ್ಲವೆಂದು ಆಬ್ರಿ ಆಣೆ ಮಾಡಿರುತ್ತಾನೆ. ಆ ಆಣೆಗಾಗಿ ಬಾಯಿ ಕಟ್ಟಿಕೊಂಡಿರುವಾಗಲೇ ಅವನ ತಂಗಿಯನ್ನು ಆ ರಕ್ತಪಿಪಾಸು ಮದುವೆಯಾಗಿ ಕರೆದೊಯ್ಯುತ್ತದೆ.

ಇನ್ನು ನಿಮ್ಮ ಮಗಳ ಕೈಯಲ್ಲಿರುವ ಪುಸ್ತಕ. ಅದು ಬಹುಶಃ 2005ರಲ್ಲಿ ಆರಂಭವಾದ 'ಟ್ವೈಲೈಟ್' ಸರಣಿ ಇರಬಹುದು. ಇಲ್ಲಿ ವ್ಯಾಂಪೈರೇ ನಾಯಕ. ಎಡ್ವರ್ಡ್ ಮನುಷ್ಯರ ರಕ್ತ ಕುಡಿಯದಂತೆ ಸಂಯಮ ಸಾಧಿಸಿದ್ದಾನೆ, ಮೊದಲು ಮದುವೆ ಆಮೇಲೆ ಉಳಿದದ್ದು ಎನ್ನುತ್ತಾನೆ. ಮೆಚ್ಚಬೇಕಾದದ್ದೇ. ಆದರೆ ಅದೇ ಎಡ್ವರ್ಡ್ ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಾ ಕೂರುತ್ತಾನೆ. ಮೂರನೆಯ ಪುಸ್ತಕದಲ್ಲಿ ಅವಳು ಗೆಳೆಯನನ್ನು ನೋಡಲು ಹೋಗದಂತೆ ಅವಳ ಗಾಡಿಯನ್ನು ಕೆಡಿಸಿಡುತ್ತಾನೆ. ಅವಳನ್ನು ಕಾಯಲು ತಂಗಿಗೆ ದುಬಾರಿ ಕಾರಿನ ಲಂಚ ಕೊಡುತ್ತಾನೆ. ನಂತರ ಅವನು ಹಿಡಿತ ಸಡಿಲಿಸುತ್ತಾನೆ, ಅದನ್ನೂ ಹೇಳಬೇಕು. ಆದರೂ ಇದನ್ನೆಲ್ಲ ಪ್ರೀತಿಯ ಗುರುತೆಂದು ಓದಿ ಕಣ್ಣೊರೆಸಿಕೊಂಡ ಹುಡುಗಿಯರು ಲಕ್ಷಾಂತರ. ಮಗಳನ್ನು ಕೇಳಿ: ಎಡ್ವರ್ಡ್ ಇಷ್ಟು ಚೆಲುವನಲ್ಲದಿದ್ದರೆ ಆ ಕಿಟಕಿಯಲ್ಲಿ ಅವನನ್ನು ಕಂಡು ನೀನು ಏನು ಮಾಡುತ್ತಿದ್ದೆ? ಅವಳ ಉತ್ತರಕ್ಕೆ ಕಾಯಿರಿ. ನೀವೇ ಉತ್ತರ ಹೇಳಬೇಡಿ.

ಕೆಲವರ ಮನೆಯಲ್ಲಿ ಇದು ಕಾದಂಬರಿಯ ಮಾತಾಗಿ ಉಳಿದಿರುವುದಿಲ್ಲ. ಅವರಿಗೆ ಎರಡು ಮಾತು. ಮದುವೆ ಸಂಸ್ಕಾರ, ಆದ್ದರಿಂದ ಏನಾದರೂ ಸಹಿಸಿಕೋ ಎಂದು ಹೇಳುವವರಿದ್ದಾರೆ. ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. 1983ರ ಧರ್ಮಸಭಾ ಸಂಹಿತೆಯ 1153ನೇ ವಿಧಿಯ ಪ್ರಕಾರ, ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯವಿದ್ದರೆ, ಧರ್ಮಾಧ್ಯಕ್ಷರ ಆದೇಶ ಪಡೆದು ಬೇರೆ ವಾಸಿಸಬಹುದು. ತಡಮಾಡಿದರೆ ಅಪಾಯವೆಂದಿದ್ದಲ್ಲಿ ಆದೇಶಕ್ಕೂ ಕಾಯಬೇಕಿಲ್ಲ. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀತಿಯಾ'ದಲ್ಲಿ, ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿಯೇ ಅವಶ್ಯ ಎಂದರು. ನಮ್ಮ ದೇಶದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯೂ ಹೊಡೆತವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತಿನ, ಮನಸ್ಸಿನ, ಹಣದ ಹಿಂಸೆಯೂ ಅದರಲ್ಲಿ ಸೇರಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಹೀಗೆ ಹೊರಬಂದವರನ್ನು "ಇನ್ನೂ ಅವನನ್ನೇ ನೆನೆಯುತ್ತೀಯಾ?" ಎಂದು ದಯವಿಟ್ಟು ಹಂಗಿಸಬೇಡಿ. ಕಾರ್ಮಿಲ್ಲಾಳ ಸಮಾಧಿ ತೆರೆದು ಅವಳನ್ನು ಸಂಹರಿಸಿದ ಮೇಲೆ ಲಾರಾಳನ್ನು ತಂದೆ ಇಟಲಿಗೆ ಕರೆದೊಯ್ಯುತ್ತಾನೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿರುತ್ತಾರೆ. ವರ್ಷಗಳು ಕಳೆದು ಲಾರಾ ಇದನ್ನೆಲ್ಲ ಬರೆಯಲು ಕೂರುತ್ತಾಳೆ. ಆಗಲೂ ಕಾರ್ಮಿಲ್ಲಾ ಒಮ್ಮೆ ಚೆಲುವೆಯಾಗಿ, ಒಮ್ಮೆ ಪಿಶಾಚಿಯಾಗಿ ಅವಳ ನೆನಪಿಗೆ ಬರುತ್ತಾಳೆ. ಕೆಲವೊಮ್ಮೆ ಕೋಣೆಯ ಬಾಗಿಲ ಬಳಿ ಆ ಹಗುರ ಹೆಜ್ಜೆಯ ಸದ್ದು ಕೇಳಿದಂತಾಗುತ್ತದೆ. ಲೆ ಫ್ಯಾನು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದಾನೆ.