ಹಾರ್ಡ್‌ಡಿಸ್ಕ್‌ನಲ್ಲಿ ಮಲಗಿರುವ ಫೋಟೊ ದುಡಿಯಲಿ: ಸ್ಟಾಕ್ ಗಳಿಕೆಗೆ 10 ಸೂತ್ರಗಳು

ಜಾಹೀರಾತು ಏಜೆನ್ಸಿ, ಪತ್ರಿಕೆ, ಪಠ್ಯಪುಸ್ತಕ ಪ್ರಕಾಶಕರು, ಯೂಟ್ಯೂಬ್ ಚಾನೆಲ್ ನಡೆಸುವವರು, ಇವರಿಗೆಲ್ಲ ದಿನಾ ಚಿತ್ರ ಬೇಕು. ಪ್ರತಿ ಸಲವೂ ಫೋಟೊಗ್ರಾಫರ್ ಕರೆಸುವುದು ಕೈಗೆಟುಕದ ಮಾತು. ಹಾಗಾಗಿ ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಐಸ್ಟಾಕ್, ಪಾಂಡ್5 ಮುಂತಾದ ತಾಣಗಳಲ್ಲಿ ಸಿದ್ಧ ಫೋಟೊ, ವಿಡಿಯೊಗಳ ಬಳಕೆಯ ಹಕ್ಕನ್ನು ಕೊಳ್ಳುತ್ತಾರೆ. ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ. ಒಂದೇ ಫೋಟೊ ನೂರು ಜನರಿಗೆ ಮಾರಾಟವಾಗಬಹುದು. ಜಾನ್ ಒರಿಂಜರ್ 2003ರಲ್ಲಿ ಶಟರ್‌ಸ್ಟಾಕ್ ಆರಂಭಿಸಿದಾಗ ಅಲ್ಲಿದ್ದದ್ದು ಆತನೇ ತೆಗೆದ ಸುಮಾರು 30,000 ಫೋಟೊ. ಈಗ ಕೋಟಿಗಟ್ಟಲೆ ಇವೆ. ಆ ರಾಶಿಯಲ್ಲಿ ನಿಮ್ಮ ಸರಕು ಕಣ್ಣಿಗೆ ಬೀಳಬೇಕಾದರೆ ಈ ಹತ್ತು ಸೂತ್ರ ನೆನಪಿರಲಿ.

1. ಚೆಂದದ್ದಕ್ಕಿಂತ ಬೇಕಾದದ್ದನ್ನು ತೆಗೆಯಿರಿ

ಸೂರ್ಯಾಸ್ತ, ಗುಲಾಬಿ, ಕಬಿನಿಯ ಹುಲಿ ಬೇಕಾದಷ್ಟಾಗಿವೆ. ಕೊಳ್ಳುವವರಿಗೆ ಬೇಕಿರುವುದು ತಮ್ಮ ಲೇಖನಕ್ಕೋ ಜಾಹೀರಾತಿಗೋ ಹೊಂದುವ ಚಿತ್ರ: ಬಿಪಿ ನೋಡಿಸಿಕೊಳ್ಳುತ್ತಿರುವ ಅಜ್ಜಿ, ಮೊಬೈಲಿನಲ್ಲಿ ಹವಾಮಾನ ನೋಡುತ್ತಿರುವ ರೈತ, ತರಕಾರಿ ಗಾಡಿಯ ಮುಂದೆ ಫೋನಿನಲ್ಲಿ ಹಣ ಪಾವತಿಸುವ ಗೃಹಿಣಿ. ಕ್ಲಿಕ್ಕಿಸುವ ಮೊದಲು ಕೇಳಿಕೊಳ್ಳಿ: ಇದು ಯಾವ ತಲೆಬರಹದ ಕೆಳಗೆ ಕೂರುತ್ತದೆ? ಉತ್ತರ ಹೊಳೆಯದಿದ್ದರೆ ಆ ಫೋಟೊ ಮನೆಯ ಗೋಡೆಗೆ ಸರಿ.

2. ನಿಮ್ಮೂರೇ ನಿಮ್ಮ ಬಂಡವಾಳ

ಎಐ ಚಿತ್ರಗಳು ಬಂದ ಮೇಲೆ ಸಾಮಾನ್ಯ ವಿಷಯಗಳ ಬೆಲೆ ಕುಸಿದಿದೆ. ನಗುತ್ತಾ ಕೈಕುಲುಕುವ ಆಫೀಸಿನವರನ್ನು ಯಂತ್ರವೇ ಕ್ಷಣದಲ್ಲಿ ಬರೆದುಕೊಡುತ್ತದೆ. ಆದರೆ ಮಲೆನಾಡಿನ ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯ ಮೇಲೆ ಕೂತ ಹೆಂಗಸಿನ ಕೈ, ಸಿಪ್ಪೆಯ ರಾಶಿ, ಹಂಡೆಯಲ್ಲಿ ಕುದಿಯುವ ಚೊಗರು, ಇದೆಲ್ಲ ಇದ್ದದ್ದು ಇದ್ದಹಾಗೆ ಸಿಗುವುದು ಅಲ್ಲಿಗೆ ಹೋದವರಿಗೆ ಮಾತ್ರ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಏರುವ ಹೊತ್ತು, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕಣ, ಮಳೆ ಬಿದ್ದ ಮೇಲೆ ಕೆಲವೇ ದಿನ ಅರಳಿ ನಿಲ್ಲುವ ಕಾಫಿ ಹೂ ನಿಮ್ಮ ಪಟ್ಟಿಯಲ್ಲಿರಲಿ.

3. ಒಂದು ಕೆಲಸಕ್ಕೆ ಹತ್ತು ಬಗೆಯ ಶಾಟ್

ಅದೇ ಅಡಿಕೆ ಚಪ್ಪರಕ್ಕೆ ಹೋದರೆ ಒಂದು ಫೋಟೊ ತೆಗೆದು ಮರಳಬೇಡಿ. ಇಡೀ ಚಪ್ಪರ ಕಾಣುವ ದೂರದ ನೋಟ, ಸುಲಿಯುವ ಕೈಯ ಹತ್ತಿರದ ನೋಟ, ಮೇಲಿನಿಂದ ಬುಟ್ಟಿ, ಬಿಸಿಲಿಗೆ ಹರವಿದ ಅಡಿಕೆ, ಅಡ್ಡ, ಉದ್ದ ಎಲ್ಲವೂ ಇರಲಿ. ಕೆಲವು ಫ್ರೇಮ್‌ಗಳಲ್ಲಿ ಒಂದು ಬದಿ ಖಾಲಿ ಬಿಡಿ. ಡಿಸೈನರ್ ಅಲ್ಲಿ ಅಕ್ಷರ ಕೂರಿಸುತ್ತಾನೆ. ಆದರೆ ಒಂದೇ ಕೋನದ ಇಪ್ಪತ್ತು ಫೋಟೊ ಕಳಿಸಿದರೆ ‘ಒಂದೇ ತರಹದವು’ ಎಂದು ತಾಣ ಹಿಂದಿರುಗಿಸುತ್ತದೆ.

4. ಸಹಿ ಇಲ್ಲದೆ ಮುಖ ಮಾರಬೇಡಿ

ಗುರುತು ಹಿಡಿಯಬಹುದಾದ ವ್ಯಕ್ತಿ ಇರುವ ಫೋಟೊ ಜಾಹೀರಾತಿಗೆ ಹೋಗಬೇಕಾದರೆ ಆ ವ್ಯಕ್ತಿಯ ಮಾಡೆಲ್ ರಿಲೀಸ್ (ಸಹಿ ಮಾಡಿದ ಒಪ್ಪಿಗೆ ಪತ್ರ) ಬೇಕು. ಮಕ್ಕಳಾದರೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ನಮೂನೆ ತಾಣದಲ್ಲೇ ಸಿಗುತ್ತದೆ. ಅದು ಇಂಗ್ಲಿಷಿನಲ್ಲಿದ್ದರೆ ಅವರ ಭಾಷೆಯಲ್ಲಿ ಓದಿ ಹೇಳಿ, ಚಿತ್ರ ಎಲ್ಲಿಯಾದರೂ ಬಳಕೆಯಾಗಬಹುದು ಎಂಬುದನ್ನು ಬಿಡಿಸಿ ತಿಳಿಸಿ, ಸಮಯಕ್ಕೆ ತಕ್ಕ ಹಣ ಕೊಡಿ. ಸಹಿ ಸಿಗದ ಜಾತ್ರೆ, ಮೆರವಣಿಗೆಯ ಚಿತ್ರಗಳಿಗೆ ಶಟರ್‌ಸ್ಟಾಕ್, ಅಲಾಮಿಯಂಥ ಕಡೆ ಸುದ್ದಿ, ಲೇಖನಗಳ ಬಳಕೆಗೆಂದೇ ‘ಎಡಿಟೋರಿಯಲ್’ ವಿಭಾಗವಿದೆ. ಅಲ್ಲಿ ಊರು, ದಿನಾಂಕ, ಸಂದರ್ಭ ಸರಿಯಾಗಿ ಬರೆಯಬೇಕು, ಚಿತ್ರದಲ್ಲಿರುವುದನ್ನು ಅಳಿಸುವಂತಿಲ್ಲ, ಬದಲಿಸುವಂತಿಲ್ಲ.

5. ಲೋಗೊ, ಕಟ್ಟಡ, ಡ್ರೋನ್: ಮೊದಲೇ ವಿಚಾರಿಸಿ

ಜಾಹೀರಾತಿಗೆ ಹೋಗುವ ಚಿತ್ರದಲ್ಲಿ ಹಿನ್ನೆಲೆಯ ಬಿಸ್ಕತ್ ಪೊಟ್ಟಣ, ಅಂಗಿಯ ಮೇಲಿನ ಬ್ರ್ಯಾಂಡ್, ಗಾಡಿಯ ಕ್ಯೂಆರ್ ಕೋಡ್ ಅಳಿಸಿ. ಕಟ್ಟಡಕ್ಕೂ ಹಕ್ಕಿರಬಹುದು: ಮುಂಬೈನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಹೊರರೂಪಕ್ಕೇ 2017ರಲ್ಲಿ ಟ್ರೇಡ್‌ಮಾರ್ಕ್ ಸಿಕ್ಕಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರುವ ಮುನ್ನ ಅನುಮತಿ ಪಡೆಯಿರಿ. 2021ರ ಡ್ರೋನ್ ನಿಯಮಗಳಂತೆ, 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ದುಡಿಮೆಗಾಗಿ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು.

6. ವಿಡಿಯೊ ಬಿಡಬೇಡಿ

ಫೋಟೊ ತೆಗೆದ ಜಾಗದಲ್ಲೇ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು 15–20 ಸೆಕೆಂಡಿನ ಕ್ಲಿಪ್ ತೆಗೆಯಿರಿ. ಒಂದು ಕ್ಲಿಪ್‌ನಲ್ಲಿ ಒಂದೇ ಕ್ರಿಯೆ ಇರಲಿ. ಆರಂಭದಲ್ಲೂ ಕೊನೆಯಲ್ಲೂ ಎರಡು ಸೆಕೆಂಡ್ ಅಲುಗಾಡಿಸಬೇಡಿ, ಎಡಿಟರ್‌ಗೆ ಕತ್ತರಿಸಲು ಅನುಕೂಲ. ಸಾಧ್ಯವಾದರೆ 4ಕೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್‌ನದು. ರಾತ್ರಿ ಅಡಿಕೆ ಸುಲಿಯುವಾಗ ಬಲ್ಬಿನ ಬೆಳಕಿನಲ್ಲಿ ಚಿತ್ರ ಮಿಣುಕುತ್ತಿದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟು ನೋಡಿ. ಹಿನ್ನೆಲೆಯ ರೇಡಿಯೊ ಹಾಡು ದಾಖಲಾಗಿದ್ದರೆ ಧ್ವನಿ ತೆಗೆದುಹಾಕಿ. ಆ ಹಾಡಿನ ಹಕ್ಕು ನಿಮ್ಮದಲ್ಲ.

7. ಕಳಿಸುವ ಮುನ್ನ ಪೂರ್ತಿ ಹಿಗ್ಗಿಸಿ ನೋಡಿ

ಮೊಬೈಲ್ ಪರದೆಯಲ್ಲಿ ಎಲ್ಲ ಫೋಟೊವೂ ಶಾರ್ಪ್. ಕಂಪ್ಯೂಟರಿನಲ್ಲಿ ಶೇ 100ಕ್ಕೆ ಹಿಗ್ಗಿಸಿ ಫೋಕಸ್, ಕತ್ತಲಲ್ಲಿನ ಕಾಳುಕಾಳು, ಆಕಾಶದಲ್ಲಿ ಕಾಣುವ ಸೆನ್ಸರ್ ಧೂಳು ಪರೀಕ್ಷಿಸಿ. ಬಣ್ಣ ಅತಿಯಾಗಿ ಏರಿಸಬೇಡಿ. ಒಳ್ಳೆಯ ಫೋನಿನ ಫೋಟೊವನ್ನೂ ತಾಣಗಳು ಒಪ್ಪುತ್ತವೆ, ಬೆಳಕು ಚೆನ್ನಾಗಿರಬೇಕಷ್ಟೆ. ಅಡೋಬಿ ಸ್ಟಾಕ್‌ಗೆ ಕನಿಷ್ಠ 4 ಮೆಗಾಪಿಕ್ಸೆಲ್ ಸಾಕು.

8. ಕೀವರ್ಡ್ ಬರೆಯಲು ಬೇಸರಿಸಬೇಡಿ

ಹುಡುಕಾಟದಲ್ಲಿ ಸಿಗದ ಫೋಟೊ ಇದ್ದೂ ಇಲ್ಲದಂತೆ. ಅಡೋಬಿಯಲ್ಲಿ 49, ಶಟರ್‌ಸ್ಟಾಕ್‌ನಲ್ಲಿ 50 ಕೀವರ್ಡ್‌ವರೆಗೆ ಹಾಕಬಹುದು. ಅಡೋಬಿಯಲ್ಲಿ ಮೊದಲ 10 ಮುಖ್ಯ. ಅಡಿಕೆಯ ಫೋಟೊಗೆ ‘ಅರೆಕಾ ನಟ್’, ‘ಬೀಟಲ್ ನಟ್’ ಎರಡೂ ಬೇಕು, ‘ಅರೆಕಾ ಕಟೆಚು’ ಎಂಬ ವೈಜ್ಞಾನಿಕ ಹೆಸರೂ ಇರಲಿ. ನಂತರ ಕ್ರಿಯೆ, ಜಾಗ, ವಿಷಯ ಬರಲಿ: ಸುಲಿಯುವುದು, ಕರ್ನಾಟಕ, ಗ್ರಾಮೀಣ ದುಡಿಮೆ. ಇವೆಲ್ಲ ಇಂಗ್ಲಿಷಿನಲ್ಲಿರಲಿ. ಚಿತ್ರದಲ್ಲಿಲ್ಲದ್ದನ್ನು ತುರುಕಬೇಡಿ.

9. ಹಬ್ಬಕ್ಕೆ ಮೊದಲು ಅಂಗಡಿ ತೆರೆಯಿರಿ

ದೀಪಾವಳಿಯ ಜಾಹೀರಾತು ದೀಪಾವಳಿಯ ದಿನ ತಯಾರಾಗುವುದಿಲ್ಲ. ಆಯಾ ಹಬ್ಬಕ್ಕೆ ಎರಡು–ಮೂರು ತಿಂಗಳು ಮುಂಚೆಯೇ ಹಣತೆ, ಎಳ್ಳುಬೆಲ್ಲ, ಬೇವುಬೆಲ್ಲದ ಚಿತ್ರಗಳು ತಾಣದಲ್ಲಿರಬೇಕು. ಈ ವರ್ಷದ ಹಬ್ಬದಲ್ಲಿ ತೆಗೆದದ್ದನ್ನು ಜೋಪಾನವಾಗಿಟ್ಟು ಮುಂದಿನ ವರ್ಷಕ್ಕೆ ಸಾಕಷ್ಟು ಮೊದಲೇ ಏರಿಸಿ. ತಟ್ಟೆ, ಬಟ್ಟೆ ಹೊಂದಿಸಿ ಮನೆಯಲ್ಲೇ ಮರುಸೃಷ್ಟಿ ಮಾಡಿದರೂ ಆದೀತು.

10. ದುಡ್ಡಿನ ಲೆಕ್ಕ ತಿಳಿದುಕೊಂಡು ಇಳಿಯಿರಿ

ಅಡೋಬಿ ಸ್ಟಾಕ್ ಫೋಟೊಗೆ ಶೇ 33, ವಿಡಿಯೊಗೆ ಶೇ 35 ಪಾಲು ಕೊಡುತ್ತದೆ. ಶಟರ್‌ಸ್ಟಾಕ್‌ನಲ್ಲಿ ಮಾರಾಟ ಹೆಚ್ಚಿದಂತೆ ಪಾಲು ಶೇ 15ರಿಂದ 40ರವರೆಗೆ ಏರುತ್ತದೆ. ಪ್ರತಿ ಜನವರಿ 1ಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಆರಂಭ. ಚಂದಾದಾರರು ಇಳಿಸಿಕೊಂಡ ಫೋಟೊಗೆ 10 ಸೆಂಟ್ ಬಂದರೆ ಬೇಸರ ಬೇಡ, ಅದೇ ಫೋಟೊ ಮತ್ತೆ ಮತ್ತೆ ಮಾರಾಟವಾಗುವುದರಲ್ಲೇ ಲಾಭ. ಎಕ್ಸ್‌ಕ್ಲೂಸಿವ್ ಕರಾರಿಗೆ ಸಹಿ ಹಾಕದಿದ್ದರೆ ಒಂದೇ ಚಿತ್ರವನ್ನು ನಾಲ್ಕಾರು ತಾಣಗಳಲ್ಲಿಡಬಹುದು.

ಅಮೆರಿಕದ ತಾಣಗಳಿಗೆ ಡಬ್ಲ್ಯು-8ಬಿಇಎನ್ ನಮೂನೆ ತುಂಬಿ ಕೊಡಿ. ಅಲ್ಲಿನ ಮಾರಾಟದ ರಾಯಲ್ಟಿಗೆ ಶೇ 30 ತೆರಿಗೆ ಹಿಡಿಯುವ ಬದಲು ಭಾರತದೊಂದಿಗಿನ ಒಪ್ಪಂದದಂತೆ ಶೇ 15 ಹಿಡಿಯುತ್ತಾರೆ. ಇಲ್ಲಿನ ರಿಟರ್ನ್ಸ್‌ನಲ್ಲೂ ಈ ಆದಾಯ ತೋರಿಸಬೇಕು. ಅಲ್ಲಿ ಕಡಿತವಾದುದರ ದಾಖಲೆ ಇಟ್ಟುಕೊಂಡರೆ ಆಡಿಟರ್‌ಗೆ ಅನುಕೂಲ.

ಅಡೋಬಿಯಲ್ಲಿ ಹಣ ಪಡೆಯಲು ಖಾತೆಯಲ್ಲಿ 25 ಡಾಲರ್ ಆಗಬೇಕು. ಅಷ್ಟಾಗಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಸಂಬಳದ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ, ಸಾಲ ಮಾಡಿ ಲೆನ್ಸ್ ಕೊಳ್ಳಬೇಡಿ. ವಾರಕ್ಕೆ ಹತ್ತು ಒಳ್ಳೆಯ ಚಿತ್ರ ಏರಿಸಿದರೆ ವರ್ಷಕ್ಕೆ ಐದುನೂರರ ಮೇಲಾಯಿತು. ಪ್ರತಿ ತಿಂಗಳು ಯಾವುದು ಮಾರಾಟವಾಯಿತು ಎಂದು ಪಟ್ಟಿ ನೋಡಿ. ಅಡಿಕೆ ಹೋಗಿದ್ದರೆ ಮುಂದಿನ ಭಾನುವಾರ ಮೆಣಸಿನ ಬಳ್ಳಿಯತ್ತ ಹೊರಡಿ. ಏನೂ ಹೋಗಿಲ್ಲದಿದ್ದರೆ ಹೊಸ ಲೆನ್ಸ್ ಹುಡುಕುವ ಮೊದಲು ಕೀವರ್ಡ್ ತಿದ್ದಿ.