ಪರದೆಯ ಮೇಲಣ ಕ್ರಿಸ್ತನು

1978ರಲ್ಲಿ ತೆಲುಗಿನಲ್ಲಿ ಹೊರಟ ‘ಕರುಣಾಮಯುಡು’ ಎಂಬ ಚಲಚ್ಚಿತ್ರವನ್ನು ನಮ್ಮ ಸಭೆಗಳವರಲ್ಲಿ ಅನೇಕರು ಬಲ್ಲರು. ಎ. ಭೀಮಸಿಂಗರು ನಿರ್ದೇಶಿಸಿದ ಇದರಲ್ಲಿ ವಿಜಯಚಂದರ್ ಎಂಬ ನಟರು ಕರ್ತನ ಪಾತ್ರವನ್ನು ವಹಿಸಿದರು. ಅದು ಬೇರೆ ಭಾಷೆಗಳಿಗೂ ಮಾರ್ಪಟ್ಟು, ಊರ ಬೈಲುಗಳಲ್ಲಿ ಕಟ್ಟಿದ ಪರದೆಗಳ ಮೇಲೆ ತೋರಿಸಲ್ಪಟ್ಟಿತು. ಓದಲರಿಯದವರೂ ಶಿಲುಬೆಯ ವೃತ್ತಾಂತವನ್ನು ಅಲ್ಲಿ ಕಂಡರು. ಇದಕ್ಕಾಗಿ ನಾವು ದೇವರನ್ನು ಸ್ತುತಿಸತಕ್ಕದ್ದೇ.

ಆದರೂ ಒಂದು ಸಂಗತಿಯನ್ನು ವಿಚಾರಿಸೋಣ. ನಾಲ್ವರು ಸುವಾರ್ತಿಕರಲ್ಲಿ ಒಬ್ಬನಾದರೂ ಯೇಸುವಿನ ಮೈಬಣ್ಣವನ್ನಾಗಲಿ ಕಣ್ಣುಗಳ ಬಣ್ಣವನ್ನಾಗಲಿ ಬರೆದಿಟ್ಟಿಲ್ಲ. ಆತನ ಮಾತುಗಳನ್ನೋ ಹೇರಳವಾಗಿ ಬರೆದಿಟ್ಟರು. ಚಿತ್ರವಾದರೋ ಮುಖವನ್ನು ಕೊಟ್ಟು ಮಾತನ್ನು ಸಂಕ್ಷೇಪಿಸುತ್ತದೆ. ಎರಡು ಮೂರು ತಾಸುಗಳ ಕಲೆಗೆ ಬೇರೆ ಗತಿಯಿಲ್ಲ. ಪ್ರಾರ್ಥನೆಗಾಗಿ ಕಣ್ಣು ಮುಚ್ಚಿದ ಮಗುವಿನ ಮುಂದೆ ನಟನ ಮುಖವೇ ಬಂದು ನಿಂತರೆ, ಎರಡನೆಯ ಆಜ್ಞೆಯನ್ನು ಕಲಿಸುವ ನಾವು ಏನು ಹೇಳೋಣ? ವಿಗ್ರಹಗಳನ್ನು ಬಿಟ್ಟು ಬಂದ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಕಣ್ಣೀರಿನ ವಿಷಯವೂ ಹಾಗೆಯೇ: ಶಿಲುಬೆಯ ದಾರಿಯಲ್ಲಿ ಅತ್ತ ಯೆರೂಸಲೇಮಿನ ಸ್ತ್ರೀಯರಿಗೆ ಕರ್ತನು ಏನು ಹೇಳಿದನೆಂಬುದನ್ನು ಲೂಕನ 23ನೆಯ ಅಧ್ಯಾಯದಲ್ಲಿ ನೋಡಿರಿ.

ಈಗ ಇಂಥ ಚಿತ್ರಗಳು ಕೈಯಲ್ಲಿರುವ ಮೊಬೈಲಿನಲ್ಲಿಯೇ ದೊರೆಯುತ್ತವೆ. ನೋಡಬೇಡಿರೆಂದು ನಾವು ಹೇಳುವದಿಲ್ಲ. ನೋಡಿದ ಸಾಯಂಕಾಲವೇ ಆ ಭಾಗವನ್ನು ಸುವಾರ್ತೆಯಿಂದ ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿರಿ. ಚಿತ್ರದಲ್ಲಿ ಬಿಟ್ಟುಹೋದದ್ದು ಯಾವದೆಂದು ಮಕ್ಕಳೇ ಹೇಳಲಿ.