ಹೇಗೆ ಗೊತ್ತು ಮಿಸ್? ಪ್ರಾಚೀನ ನಾಗರಿಕತೆ ಕಲಿಸುವವರಿಗೆ ಎಂಟು ಪಾಠಗಳು

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸಿಂಧೂ, ಈಜಿಪ್ಟ್, ಮೆಸೊಪೊಟೇಮಿಯಾ ಎಲ್ಲವೂ ಒಂದೇ ದೂರದ ಊರುಗಳು. ನದಿ, ರಾಜ, ಲಿಪಿ ಹೊಂದಿಸಿ ಬರೆದರೆ ಅಂಕ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಲ್ಲವೂ ಕಲಸುಮೇಲೋಗರ. ತುಮಕೂರಿನ ಶೆಟ್ಟಿಹಳ್ಳಿ ಭಾಗದಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾ ನನಗೆ ಖಾತ್ರಿಯಾದದ್ದು ಇಷ್ಟು: ಹಿಂದಿನವರು ಎಷ್ಟು ದೊಡ್ಡವರು ಅನ್ನುವುದು ಮಕ್ಕಳಿಗೆ ಬೇಗ ಮರೆತುಹೋಗುತ್ತದೆ, ಅವರ ವಿಷಯ ನಮಗೆ ಹೇಗೆ ಗೊತ್ತಾಯಿತು ಅನ್ನುವುದು ಉಳಿಯುತ್ತದೆ.

1. ಇಸವಿಗಿಂತ ಮೊದಲು ಇಟ್ಟಿಗೆ

ಈ ಕಡೆ ಯಾವ ಬೀದಿಗೆ ಹೋದರೂ ಒಂದು ಮನೆ ಏಳುತ್ತಿರುತ್ತದೆ. ಸ್ಕೇಲು ಕೊಟ್ಟು ಅಲ್ಲಿನ ಇಟ್ಟಿಗೆ ಅಳೆದು ಬರಲು ಹೇಳಿ. ಉದ್ದ, ಅಗಲದ ಸುಮಾರು ಎರಡರಷ್ಟಿರುತ್ತದೆ. ಏಕೆ ಎಂದರೆ ಗಾರೆ ಕೆಲಸದವರ ಮನೆಯ ಮಗುವೇ ಉತ್ತರ ಕೊಡುತ್ತದೆ: ಕೆಲವನ್ನು ಉದ್ದಕ್ಕೆ, ಕೆಲವನ್ನು ಅಡ್ಡಕ್ಕೆ ಇಟ್ಟರೆ ಗೋಡೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಹರಪ್ಪ ಕಾಲದ ಇಟ್ಟಿಗೆಯ ಅಳತೆ ಬರೆಯಿರಿ: ಮನೆಗಳಲ್ಲಿ ಹೆಚ್ಚಾಗಿ 28, 14, 7 ಸೆಂಟಿಮೀಟರ್, ಅಂದರೆ 4:2:1. ನೂರಾರು ಕಿಲೋಮೀಟರ್ ದೂರದ ಹರಪ್ಪ, ಮೊಹೆಂಜೊದಾರೊ ಎರಡರಲ್ಲೂ ಅದೇ ಲೆಕ್ಕ. ‘ಹಂಗಾದ್ರೆ ಯಾರೋ ರೂಲ್ಸ್ ಮಾಡಿದ್ರಾ ಮಿಸ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವಸರದಲ್ಲಿ ರಾಜನನ್ನು ಕರೆತರಬೇಡಿ. ಇದೇ ಅರಮನೆ ಎಂದು ಬೆರಳಿಟ್ಟು ತೋರಿಸಬಹುದಾದ ಕಟ್ಟಡ ಅಲ್ಲಿ ಸಿಕ್ಕಿಲ್ಲ. ಆ ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಹಾಗೇ ಇರಲಿ.

2. ಚರಂಡಿ ಪಾಠ ಮಳೆಗಾಲಕ್ಕೆ

ಜೋರು ಮಳೆ ಬಂದರೆ ಶೆಟ್ಟಿಹಳ್ಳಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುವುದನ್ನು ಇಲ್ಲಿನ ಮಕ್ಕಳು ನೋಡಿದ್ದಾರೆ. ಮರುದಿನವೇ ಮೊಹೆಂಜೊದಾರೊ ಪಾಠ ತೆಗೆಯಿರಿ. ಬಚ್ಚಲ ನೀರು ಇಟ್ಟಿಗೆಯ ಕಾಲುವೆ ಹಿಡಿದು ಬೀದಿಯ ಮುಚ್ಚಿದ ಚರಂಡಿ ಸೇರುತ್ತಿತ್ತು; ನಡುನಡುವೆ ಕಸ ತಂಗಲು ಗುಂಡಿಗಳಿದ್ದವು. ತಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಪ್ರತಿಯೊಬ್ಬರೂ ನಕ್ಷೆ ಬರೆಯಲಿ. ‘ಎಂಥ ಬುದ್ಧಿವಂತರು!’ ಎಂದು ಪಾಠ ಮುಗಿಸಬೇಡಿ. ಆ ಗುಂಡಿಗಳ ಹೂಳು ತೆಗೆಯುತ್ತಿದ್ದವರು ಯಾರಿರಬಹುದು ಎಂದು ಕೇಳಿ. ನಮ್ಮ ಬೀದಿಯ ಪೌರಕಾರ್ಮಿಕರ ಹೆಸರು ಎಷ್ಟು ಜನಕ್ಕೆ ಗೊತ್ತು ಎಂದೂ ಕೇಳಿ.

3. ಪಿರಮಿಡ್ಡಿಗಿಂತ ಮೊದಲು ಹಾಜರಿ ಪುಸ್ತಕ

ದೇರ್ ಎಲ್ ಮದೀನಾ ಎಂಬುದು ಈಜಿಪ್ಟಿನ ದೊರೆಗಳ ಸಮಾಧಿ ಕೊರೆಯುತ್ತಿದ್ದ ಕೆಲಸಗಾರರ ಊರು. ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದಲ್ಲಿ ಅಲ್ಲಿ ಸುಣ್ಣಕಲ್ಲಿನ ಚಕ್ಕೆಯ ಮೇಲೆ ಬರೆದ ಗೈರುಹಾಜರಿ ಪಟ್ಟಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಬ್ಬನಿಗೆ ಚೇಳು ಕುಟುಕಿತ್ತು, ಒಬ್ಬನಿಗೆ ಕಣ್ಣುಬೇನೆ, ಇನ್ನೊಬ್ಬ ಬಿಯರ್ ತಯಾರಿಸುತ್ತಿದ್ದ. ನಮ್ಮ ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟು ಇದನ್ನು ಓದಿದರೆ ತರಗತಿ ನಗುತ್ತದೆ. ನಗು ಇಳಿಯುವ ಮುಂಚೆ ಸುಮೇರಿನ ಶಾಲಾ ಹುಡುಗನ ಕಥೆ ಹೇಳಿ: ಮಾತಾಡಿದ್ದಕ್ಕೆ, ಕೈಬರಹ ಕೆಟ್ಟದ್ದಕ್ಕೆ ಏಟು ತಿಂದ ಹುಡುಗ ಕೊನೆಗೆ ಅಪ್ಪನಿಗೆ ಹೇಳಿ ಮೇಷ್ಟ್ರನ್ನು ಮನೆಗೆ ಕರೆಸಿ ಉಪಚರಿಸುತ್ತಾನೆ. ಜೇಡಿಮಣ್ಣಿನ ಹಲಗೆಗಳಲ್ಲಿ ಉಳಿದ ಈ ಕಥೆಗೆ ಸುಮಾರು 4000 ವರ್ಷ. ಇಷ್ಟಾದ ಮೇಲೆ ರಾಜರ ಹೆಸರು ಹೇಳಿ, ಆಗ ಕಿವಿಗೊಡುತ್ತಾರೆ.

4. ಕಾಲವನ್ನು ಹಗ್ಗದಲ್ಲಿ ಅಳೆಯಿರಿ

ಕ್ರಿ.ಪೂ. ಎಂದಾಗ ಸಂಖ್ಯೆ ದೊಡ್ಡದಾದಷ್ಟೂ ಹಿಂದಕ್ಕೆ ಹೋಗಬೇಕು ಎಂಬುದೇ ಮಕ್ಕಳಿಗೆ ತೊಡಕು. ಮೈದಾನದಲ್ಲಿ ಹಗ್ಗ ಎಳೆಯಿರಿ, 100 ವರ್ಷಕ್ಕೆ 1 ಮೀಟರ್. ಸ್ವಾತಂತ್ರ್ಯ ಮೊದಲ ಮೀಟರಿನೊಳಗೇ ಬರುತ್ತದೆ. ಹಲ್ಮಿಡಿ ಶಾಸನ ಸುಮಾರು 16ನೇ ಮೀಟರಿಗೆ, ಅಶೋಕ 23ಕ್ಕೆ, ಮೊಹೆಂಜೊದಾರೊ, ಗೀಜಾದ ಪಿರಮಿಡ್ಡು 46ರ ಹತ್ತಿರ. ಅಶೋಕನ ಜಾಗದಲ್ಲಿ ನಿಂತ ಮಗು ಎರಡೂ ಕಡೆ ತಿರುಗಿ ನೋಡಲಿ. ನಾವು ಅಶೋಕನಿಂದ ಎಷ್ಟು ದೂರವೋ, ಅಶೋಕ ಮೊಹೆಂಜೊದಾರೊದಿಂದ ಸುಮಾರು ಅಷ್ಟೇ ದೂರ.

5. ಆಗ ನಮ್ಮ ಕಡೆ ಯಾರಿದ್ದರು?

ಈ ಪ್ರಶ್ನೆಗೆ ಉತ್ತರ ಬಳ್ಳಾರಿಯ ಸಂಗನಕಲ್ಲಿನಲ್ಲಿದೆ. ಸಿಂಧೂ ನಗರಗಳಿದ್ದ ಕಾಲಕ್ಕೆ ಆ ಸೀಮೆಯಲ್ಲಿ ದನ ಸಾಕುವ ನವಶಿಲಾಯುಗದ ಜನರಿದ್ದರು. ಸಗಣಿ ರಾಶಿ ಹಾಕಿ ಸುಟ್ಟ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು ಕಡೆ ಇವತ್ತಿಗೂ ಇವೆ. ಆ ಜನರ ನೆಲೆಗಳಲ್ಲಿ ಸಿಕ್ಕ ಕರಕಲು ಕಾಳುಗಳಲ್ಲಿ ಹುರುಳಿಯೂ ಕೊರಲೆಯೂ ಇವೆ. ಕೊರಲೆಯನ್ನು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಬೆಳೆಯುತ್ತಾರೆ. ಒಂದು ಹಿಡಿ ಹುರುಳಿ, ಒಂದು ಹಿಡಿ ಕೊರಲೆ ತರಗತಿಗೆ ತನ್ನಿ. ಹಾಗೆಯೇ ನಮ್ಮ ರಾಗಿಯ ಮೂಲ ಪೂರ್ವ ಆಫ್ರಿಕಾ ಎಂದೂ ಹೇಳಿ. ಮುದ್ದೆ ಉಣ್ಣುವ ಮಕ್ಕಳು ನಂಬುವುದಿಲ್ಲ, ‘ಹೇಗೆ ಗೊತ್ತು?’ ಎನ್ನುತ್ತಾರೆ. ನಮಗೆ ಬೇಕಾದದ್ದೂ ಅದೇ. ಕಾಡು ತಳಿಗಳು ಎಲ್ಲಿ ಬೆಳೆಯುತ್ತವೆ ಎಂದು ಸಸ್ಯವಿಜ್ಞಾನಿಗಳು ಹುಡುಕುವ ಬಗೆಯನ್ನು ಅಲ್ಲಿಂದ ಶುರು ಮಾಡಬಹುದು.

6. ರೋಮ್ ಯಶವಂತಪುರದವರೆಗೆ ಬಂದಿತ್ತು

ತುಮಕೂರಿನಿಂದ ರೈಲು ಹತ್ತಿದ ಮಕ್ಕಳಿಗೆ ಯಶವಂತಪುರ ಗೊತ್ತು. 1891ರಲ್ಲಿ ಅಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ‘ರೋಮಿನವರು ಇಲ್ಲಿಗೆ ಬಂದಿದ್ದರು’ ಎಂದು ಮಕ್ಕಳು ಬರೆದರೆ ತಕ್ಷಣ ತಪ್ಪು ಹಾಕಬೇಡಿ. ನಾಣ್ಯ ಹತ್ತು ಕೈ ದಾಟಿಯೂ ಬರಬಹುದಲ್ಲವೇ ಎಂದು ಕೇಳಿ, ಚರ್ಚೆ ಬೆಳೆಯಲಿ.

7. ಐತಿಹ್ಯ ಹೇಳಿ, ಶಾಸನವನ್ನೂ ಓದಿಸಿ

ಕುಣಿಗಲ್ ರಸ್ತೆಯ ಗೂಳೂರಿನ ಬಳಿ ಕೈದಾಳವಿದೆ. ಜಕಣಾಚಾರಿ ಕಳೆದುಕೊಂಡ ಕೈಯನ್ನು ಚೆನ್ನಕೇಶವ ಮರಳಿ ಕೊಟ್ಟ ಕಥೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಶಾಸನ ಹೇಳುವುದು ಬೇರೆ: ದೇವಾಲಯ ಸುಮಾರು 1150ರದ್ದು, ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿ. ಕಥೆ ಸುಳ್ಳು ಎಂದು ಮಕ್ಕಳ ಮನಸ್ಸು ಮುರಿಯಬೇಕಿಲ್ಲ. ಜನ ಶಿಲ್ಪಿಯನ್ನು ಹೇಗೆ ನೆನೆದರು ಎಂಬುದಕ್ಕೆ ಕಥೆ ಸಾಕ್ಷಿ, ಯಾರು ಕಟ್ಟಿಸಿದರು ಎಂಬುದಕ್ಕೆ ಶಾಸನ ಸಾಕ್ಷಿ. ಇದು ತಲೆಗೆ ಹೋದರೆ ಹೋಮರನ ಟ್ರಾಯ್ ಕಥೆ ಕಲಿಸುವುದು ಸಲೀಸು. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನೂ ಸೇರಿಸಿ. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ. ಬರೆದ ಚಪಡ ತನ್ನ ಕಸುಬನ್ನು ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ನಮೂದಿಸಿದ್ದಾನೆ. ಅವನು ಎಲ್ಲಿಂದ ಬಂದಿರಬಹುದು ಎಂದು ಮಕ್ಕಳೇ ಊಹಿಸಲಿ.

8. ತಿಳಿಯದ್ದಕ್ಕೂ ಒಂದು ಪೀರಿಯಡ್ ಇಡಿ

ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ. ಇದನ್ನು ಆಟವಾಗಿಸಿ. ಒಂದು ಗುಂಪು ತನ್ನದೇ ಗುರುತುಗಳನ್ನು ಮಾಡಿಕೊಂಡು ಜೇಡಿಮಣ್ಣಿನಲ್ಲಿ ಮುದ್ರೆ ಒತ್ತಲಿ, ಇನ್ನೊಂದು ಗುಂಪು ಓದಲಿ. ಆಗುವುದಿಲ್ಲ. ಆಮೇಲೆ ಅದೇ ಮಾತನ್ನು ಕನ್ನಡದಲ್ಲೂ ಬರೆದ ಚೀಟಿ ಕೊಡಿ. ಒಂದೊಂದೇ ಗುರುತು ಬಿಡಿಸಿಕೊಳ್ಳುತ್ತದೆ. 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲು ಹಿಡಿದು 1822ರಲ್ಲಿ ಶಾಂಪೋಲಿಯೋ ಈಜಿಪ್ಟಿನ ಲಿಪಿ ಬಿಡಿಸಿದ್ದು ಹೇಗೆ, ಸಿಂಧೂ ಲಿಪಿಗೆ ಅಂಥ ಎರಡು ಭಾಷೆಯ ಬರಹ ಸಿಗದೆ ಏನಾಯಿತು ಎಂದು ಬೇರೆ ವಿವರಿಸಬೇಕಿಲ್ಲ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು ಪರೀಕ್ಷೆಯಲ್ಲಿ ಇದ್ದೇ ಇರುತ್ತವೆ, ಅದಕ್ಕೆ ಕೊನೆಯ ವಾರದ ಪುನರಾವರ್ತನೆ ಸಾಕು. ನೀವೇ ತಯಾರಿಸುವ ಪ್ರತಿ ಕಿರುಪರೀಕ್ಷೆಯಲ್ಲಿ ಮಾತ್ರ ‘ಇದು ನಮಗೆ ಹೇಗೆ ತಿಳಿಯಿತು?’ ಎಂಬ ಒಂದು ಪ್ರಶ್ನೆ ಇಟ್ಟು, ಅದಕ್ಕೆ ಹೆಚ್ಚು ಅಂಕ ಕೊಡಿ. ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿ ವಿಮಾನವಿತ್ತು ಎಂಬ ವಾಟ್ಸಾಪ್ ಸಂದೇಶವನ್ನು ಮನೆಯಲ್ಲಿ ಯಾರಾದರೂ ಓದಿ ಹೇಳಿದಾಗ ಕೆಲಸಕ್ಕೆ ಬರುವುದು ಆ ಪ್ರಶ್ನೆಯೇ.